ಆಡುವವರೂ ಆಡಿಸುವವರೂ

ನಮ್ಮ ಕಡೆಯ ಮನೆಮಾತಿನಲ್ಲಿ ಯಕ್ಷಗಾನಕ್ಕೆ ‘ಆಟ’ ಎಂದೇ ಹೆಸರು. ಈ ಆಟಕ್ಕೆ ಎರಡು ಕ್ರಿಯಾಪದಗಳುಂಟು: ಆಟ ಆಡುವುದು, ಆಟ ಆಡಿಸುವುದು. ಆಡುವುದು ಮೇಳದವರ ಕೆಲಸ, ಆಡಿಸುವುದು ಊರವರ ಕೆಲಸ. ಆಡುವವರನ್ನು ಕುರಿತು ಗ್ರಂಥಗಳೂ ಲೇಖನಗಳೂ ಸಾಕಷ್ಟು ಬಂದಿವೆ. ಆಡಿಸುವವರ ವಿಷಯವನ್ನು ಮಾತ್ರ ಬರೆದವರು ಕಡಿಮೆ. ಆದರೆ ವೀಳ್ಯ ಕೊಡುವವನಿಲ್ಲದಿದ್ದರೆ ಗೆಜ್ಜೆ ಕಟ್ಟುವವನೂ ಇರುವುದಿಲ್ಲವೆಂಬುದು ಚೌಕಿಯನ್ನು ಕಂಡವರಿಗೆಲ್ಲ ತಿಳಿದ ಸಂಗತಿ. ಆದುದರಿಂದ ಹಣ ಕೊಡುವವರು, ಹಣ ಕೂಡಿಸುವವರು ಮತ್ತು ಕಲೆಯನ್ನು ನಡೆಸುವವರು, ಈ ಮೂವರ ನಡುವಣ ಸಂಬಂಧ ಹೇಗಿದ್ದರೆ ಚೆನ್ನ ಎಂಬುದನ್ನು ನಾನು ಕಂಡಷ್ಟರ ಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಆಟ ಆಡಿಸುವ ಕ್ರಮಗಳನ್ನು ಸ್ಥೂಲವಾಗಿ ಮೂರು ವಿಧವಾಗಿ ವಿಂಗಡಿಸಬಹುದು. ಮೊದಲನೆಯದು ಹರಕೆಯ ಆಟ. ರೋಗ ವಾಸಿಯಾದರೆ, ಮಗು ಹುಟ್ಟಿದರೆ, ಮನೆ ಕಟ್ಟಿ ಮುಗಿದರೆ ದೇವರ ಹೆಸರಿನಲ್ಲಿ ಒಂದು ಆಟ ಆಡಿಸುತ್ತೇನೆಂದು ಹೇಳಿಕೊಂಡವನು ಆ ಕ್ಷೇತ್ರದ ಮೇಳಕ್ಕೆ ವೀಳ್ಯ ಕೊಡುತ್ತಾನೆ. ಕಟೀಲು, ಮಂದಾರ್ತಿ ಮುಂತಾದ ಕ್ಷೇತ್ರಗಳ ಮೇಳಗಳಲ್ಲಿ ಸರದಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಇಲ್ಲಿ ಟಿಕೇಟಿಲ್ಲ, ಬಂದವರೆಲ್ಲರೂ ನೋಡಬಹುದು. ಕೊಟ್ಟವನಿಗೆ ಪ್ರತಿಫಲ ದೇವರಿಂದ ಬರಬೇಕೇ ಹೊರತು ಮೇಳದಿಂದಲ್ಲ. ಆದುದರಿಂದಲೇ ಈ ಬಗೆಯಲ್ಲಿ ಜಗಳ ಕಡಿಮೆ.

ಎರಡನೆಯದು ಡೇರೆಯ ಆಟ. ಇದು ಕಳೆದ ಶತಮಾನದ ನಡುವಿನಲ್ಲಿ ಬಲವಾಗಿ ಬೇರೂರಿತು. ಊರಿನ ಕಂಟ್ರಾಕ್ಟುದಾರನು ಮೇಳದ ಯಜಮಾನನಿಗೆ ಒಂದು ರಾತ್ರಿಗೆ ಇಂತಿಷ್ಟು ಎಂದು ಒಪ್ಪಿಕೊಂಡು ಗೇಟಿನ ವಸೂಲಿಯನ್ನು ತಾನು ಇಟ್ಟುಕೊಳ್ಳುತ್ತಾನೆ. ಜನ ಬಂದರೆ ಅವನಿಗೆ ಲಾಭ. ಮಳೆ ಬಂದರೆ ನಷ್ಟವೂ ಅವನದೇ. ಇದು ಶುದ್ಧ ವ್ಯಾಪಾರವಾದರೂ ಲಾಭನಷ್ಟಗಳ ಹೊಣೆ ಯಾರದೆಂಬುದು ಮೊದಲೇ ಸ್ಪಷ್ಟವಾಗಿರುವುದು ಇದರ ಗುಣ.

ಮೂರನೆಯದು ಇಂದು ಎಲ್ಲೆಡೆ ಕಾಣುವ ಬಗೆ. ಊರಿನ ಯುವಕ ಸಂಘವೋ ದೇವಸ್ಥಾನದ ಸಮಿತಿಯೋ ಚಂದಾ ಎತ್ತುತ್ತದೆ. ಅಂಗಡಿಕಾರರು, ಸಹಕಾರಿ ಸಂಘಗಳು, ಹೊರ ಊರಿನಲ್ಲಿ ದುಡಿಯುವವರು ಸಹಾಯ ನೀಡುತ್ತಾರೆ. ಅವರ ಹೆಸರು ಕರಪತ್ರದಲ್ಲಿಯೂ ಬ್ಯಾನರಿನಲ್ಲಿಯೂ ಬರುತ್ತದೆ. ಇವರನ್ನೇ ಪ್ರಾಯೋಜಕರೆನ್ನುವುದು. ಇಲ್ಲಿ ಕೊಡುವವನ ಮನಸ್ಸಿನಲ್ಲಿ ಭಕ್ತಿಯೂ ಇರಬಹುದು, ವ್ಯಾಪಾರವೂ ಇರಬಹುದು, ಹೆಸರಿನ ಆಸೆಯೂ ಇರಬಹುದು. ಯಾವುದು ಎಷ್ಟೆಂದು ಅವನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ತೊಡಕೆಲ್ಲ ಹುಟ್ಟುವುದು ಈ ಮೌನದಲ್ಲಿಯೇ.

ಇದಕ್ಕೆ ನಮ್ಮ ಮುಟ್ಟಳ್ಳಿಯಲ್ಲಿ ನಡೆದುದನ್ನೇ ಉದಾಹರಣೆಯಾಗಿ ಕೊಡುವೆನು. ನಾನು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಗ ನಮ್ಮ ಕೇರಿಯ ಸಂಘದವರೂ ಆಚೆ ಕೇರಿಯ ಸಂಘದವರೂ ಒಂದೇ ವಾರದಲ್ಲಿ ಆಟ ಇಟ್ಟುಕೊಂಡರು. ಒಬ್ಬರಿಗೊಬ್ಬರು ಹೇಳಿರಲಿಲ್ಲ. ರಶೀದಿ ಪುಸ್ತಕ ಹಿಡಿದು ಭಟ್ಕಳ ಪೇಟೆಗೆ ಹೋದವರಲ್ಲಿ ನಾನೂ ಒಬ್ಬ. ಒಬ್ಬ ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು, “ತಮ್ಮಾ, ಮೊನ್ನೆ ನಿಮ್ಮೂರಿನವರೇ ಬಂದು ರಶೀದಿ ಹರಿದು ಹೋದರಲ್ಲ; ನಿಮ್ಮೂರಿಗೆ ಎಷ್ಟು ಆಟ ಬೇಕು?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ನೂರು ರೂಪಾಯಿ ಕೊಟ್ಟು ಕಳುಹಿಸಿದರು.

ಚಂದಾ ಸಾಲದೆ ಬಂದಾಗ ಹೊರಗಿನ ವ್ಯಾಪಾರಿಯೊಬ್ಬರು ದೊಡ್ಡ ಪಾಲನ್ನು ತಾವೇ ಕೊಡುವುದಾಗಿ ಹೇಳಿದರು. ಎಲ್ಲವೂ ಬಾಯಿಮಾತು. ಆಟದ ರಾತ್ರಿ ಕಥೆ ಕಾವೇರಿದ ಹೊತ್ತಿಗೆ ತಮ್ಮ ಸನ್ಮಾನ ಈಗಲೇ ಆಗಬೇಕೆಂದರು. ಭಾಗವತರು ಪದ ನಿಲ್ಲಿಸಿದರು. ವೇಷಧಾರಿಗಳು ರಂಗಸ್ಥಳದ ಬದಿಯಲ್ಲಿ ನಿಂತರು. ಶಾಲು, ಹಾರ, ಭಾಷಣ ಎಂದು ಅರ್ಧ ಗಂಟೆ ಕಳೆಯಿತು. ಎದ್ದುಹೋದ ಜನ ಮರಳಿ ಬರಲಿಲ್ಲ. ಜನವೇ ಇಲ್ಲವೆಂಬ ಕಾರಣ ಹೇಳಿ ಅವರು ಮರುದಿನ ಅರ್ಧ ಹಣವನ್ನಷ್ಟೇ ಕೊಟ್ಟರು! ಮೇಳಕ್ಕೆ ಮಾತು ಕೊಟ್ಟಿದ್ದ ಮೂವರಲ್ಲಿ ನನ್ನ ತಂದೆಯವರೂ ಒಬ್ಬರು. ನನ್ನ ಕಾಲೇಜಿನ ಪ್ರವೇಶಕ್ಕೂ ಪುಸ್ತಕಕ್ಕೂ ಎಂದು ತೆಗೆದಿರಿಸಿದ್ದ ಹಣವನ್ನು ಅವರು ಮೇಳದ ಯಜಮಾನರ ಕೈಗೆ ಹಾಕಿದರು. “ರಾತ್ರಿ ಕುಣಿದವನನ್ನು ಬರಿಗೈಯಲ್ಲಿ ಕಳಿಸಿದರೆ ಆ ಮನೆಯ ಮಗ ಓದಿ ಏನು ಬಂತು?” ಎಂದರು. ಆ ವರ್ಷ ನಾನು ಕಾಲೇಜು ಸೇರಿದ್ದು ತಾಯಿಯವರು ಮಲ್ಲಿಗೆ ಕಟ್ಟಿ ಕೂಡಿಸಿದ ದುಡ್ಡಿನಿಂದ, ಅದೂ ಕಡೆಯ ದಿನ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಮೆಟ್ಟಿಲು ಅಂದು ತಪ್ಪುವುದರಲ್ಲಿತ್ತು.

ಆಚೆ ಕೇರಿಯವರಿಗೂ ನಷ್ಟವೇ ಆಗಿತ್ತೆಂದು ಆಮೇಲೆ ತಿಳಿಯಿತು. ಯಕ್ಷಗಾನದಲ್ಲಿ ಜೋಡಾಟವೆಂದೂ ಕೂಡಾಟವೆಂದೂ ಎರಡು ಪದ್ಧತಿಗಳಿವೆ. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಏಕಕಾಲಕ್ಕೆ ಒಂದೇ ಪ್ರಸಂಗವನ್ನು ಆಡುತ್ತವೆ. ಜನ ಯಾವ ಕಡೆ ಹೆಚ್ಚು ಕೂಡುವರೆಂಬುದೇ ಸ್ಪರ್ಧೆ. ಕೂಡಾಟದಲ್ಲಿ ಎರಡು ಮೇಳಗಳ ಹಿಮ್ಮೇಳ ಮುಮ್ಮೇಳಗಳು ಒಂದೇ ರಂಗಸ್ಥಳದಲ್ಲಿ ಸೇರುತ್ತವೆ. ಒಂದು ಮೇಳದ ಅರ್ಜುನನಿಗೆ ಇನ್ನೊಂದು ಮೇಳದ ಬಭ್ರುವಾಹನ ಎದುರಾಗಬಹುದು. ನಾವು ಅರಿಯದೆಯೇ ಚಂದಾದಲ್ಲಿ ಜೋಡಾಟ ಆಡಿದ್ದೆವು. ಮರುವರ್ಷ ಎರಡೂ ಕೇರಿಯ ಹಿರಿಯರು ಕುಳಿತು ಕೂಡಾಟಕ್ಕೆ ಒಪ್ಪಿದರು. ಬರೆಯಬಲ್ಲವನೆಂದು ಲೇಖನಿ ನನ್ನ ಕೈಗೆ ಬಂತು. ಅಂದು ನೋಟುಬುಕ್ಕಿನಲ್ಲಿ ಬರೆದ ಮಾತುಗಳೇ ಈ ಲೇಖನದ ಸಾರ.

ಮೊದಲನೆಯದಾಗಿ, ಒಂದು ಊರಿಗೆ ಒಂದೇ ರಶೀದಿ ಪುಸ್ತಕ. ಕೊಡುವವನ ಬಾಗಿಲಿಗೆ ಇಬ್ಬರು ಹೋದರೆ ಇಬ್ಬರ ಮೇಲೂ ನಂಬಿಕೆ ಹೋಗುತ್ತದೆ.

ಎರಡನೆಯದಾಗಿ, ಕೊಡುವವನಿಗೆ ಏನು ಸಿಕ್ಕೀತೆಂಬುದನ್ನು ಮೊದಲೇ ಬರೆಯಬೇಕು. ಬ್ಯಾನರಿನಲ್ಲಿ ಹೆಸರೆಲ್ಲಿ, ಧ್ವನಿವರ್ಧಕದಲ್ಲಿ ಎಷ್ಟು ಸಲ, ಸನ್ಮಾನ ಯಾವಾಗ? ನಾವು ಆಟ ಶುರುವಾಗುವ ಮೊದಲು ಹತ್ತು ನಿಮಿಷವೆಂದು ಗೊತ್ತುಮಾಡಿದೆವು. ಪದ ಎತ್ತಿದ ಮೇಲೆ ರಂಗಸ್ಥಳ ಭಾಗವತರದು. ಪ್ರಾಯೋಜಕನಿಗೂ ಅಧ್ಯಕ್ಷನಿಗೂ ಅಲ್ಲಿ ಕೆಲಸವಿಲ್ಲ. ಪ್ರಸಂಗದ ಆಯ್ಕೆಯಲ್ಲಿ ಸಲಹೆ ಕೊಡಬಹುದು, ಅಪ್ಪಣೆ ಕೊಡಬಾರದು.

ಮೂರನೆಯದಾಗಿ, ಹಣ ಕೈಸೇರದೆ ಯಾರ ಹೆಸರನ್ನೂ ಕರಪತ್ರಕ್ಕೆ ಹಾಕಬಾರದು. ಕೈಸೇರಿದ ಹಣಕ್ಕೆ ತಕ್ಕ ಮೇಳವನ್ನೇ ಗೊತ್ತುಮಾಡಬೇಕು. “ವೀಳ್ಯ ಕೊಡುವ ಮೊದಲೇ ಮಾತು ಮುಗಿಯಬೇಕು; ಚಂಡೆ ಬಡಿದ ಮೇಲೆ ಚೌಕಾಸಿ ಇಲ್ಲ” ಎಂದು ತಂದೆಯವರು ಹೇಳಿದುದನ್ನು ನಾನು ಹಾಗೆಯೇ ಬರೆದೆ.

ನಾಲ್ಕನೆಯದಾಗಿ, ಕಾನೂನನ್ನು ಮರೆಯಬಾರದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಈ ಕಾರಣದಿಂದಲೂ, ನಿದ್ದೆಗೆಡಲಾರದ ಪ್ರೇಕ್ಷಕರಿಂದಲೂ ಕಾಲಮಿತಿಯ ಆಟಗಳು ಹೆಚ್ಚಿವೆ. ಪರವಾನಿಗೆಯನ್ನು ಯಾರು ತರಬೇಕೆಂಬುದನ್ನೂ ಗೊತ್ತುಮಾಡಬೇಕು.

ಐದನೆಯದಾಗಿ, ಆಟ ಮುಗಿದ ವಾರದೊಳಗೆ ಲೆಕ್ಕವನ್ನು ಎಲ್ಲರೆದುರು ಓದಬೇಕು; ಕೊಟ್ಟವರಿಗೂ ಒಂದು ಪ್ರತಿ ಕೊಡಬೇಕು. ಹಿಂದಿನ ವರ್ಷ ನೂರು ಕೊಟ್ಟ ಅಂಗಡಿಯವರು ನಮ್ಮ ಲೆಕ್ಕದ ಹಾಳೆಯನ್ನು ಓದಿ ಮಡಿಸಿ ಗಲ್ಲಾಪೆಟ್ಟಿಗೆಯಲ್ಲಿಟ್ಟುಕೊಂಡರು. ಮುಂದಿನ ವರ್ಷ ನಾವು ಕೇಳುವ ಮೊದಲೇ ಅವರು ಕೊಟ್ಟರು.

ಎಲ್ಲವೂ ಸುಗಮವಾಯಿತೆಂದು ಹೇಳಲಾರೆ. ಕರಪತ್ರದಲ್ಲಿ ಯಾವ ಕೇರಿಯ ಹೆಸರು ಮೊದಲೆಂಬ ವಾದದಲ್ಲಿ ಎರಡು ಸಂಜೆಗಳು ಹೋದವು. ಕಡೆಗೆ ಅರ್ಧ ಕರಪತ್ರಗಳಲ್ಲಿ ಅವರ ಹೆಸರು, ಅರ್ಧದಲ್ಲಿ ನಮ್ಮ ಹೆಸರು ಮೇಲೆ ಬಂತು. ಅಚ್ಚುಕೂಟದವರು ನಕ್ಕರು, ನಾವೂ ನಕ್ಕೆವು.

ದೊಡ್ಡವರ ನಡೆಯಲ್ಲಿಯೂ ಇದೇ ಪಾಠ ಕಾಣುತ್ತದೆ. ಹೊನ್ನಾವರ ತಾಲೂಕಿನ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಮಗ ಶಂಭು ಹೆಗಡೆಯವರ ಕೈಗೂ, ಅವರ ಮಗ ಶಿವಾನಂದ ಹೆಗಡೆಯವರ ಕೈಗೂ ಬಂದು ಇಂದಿಗೂ ನಡೆದಿದೆ. ಶಂಭು ಹೆಗಡೆಯವರು 2009ರಲ್ಲಿ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ಗುಣವಂತೆಯಲ್ಲಿ ನಡೆಯುತ್ತ ಬಂದಿರುವ ನಾಟ್ಯೋತ್ಸವದಲ್ಲಿ ಬೇರೆ ಪ್ರಾಂತಗಳ ಕಲಾವಿದರಿಗೂ ವೇದಿಕೆ ದೊರೆಯುತ್ತದೆ. ತನ್ನ ವೇದಿಕೆಯಲ್ಲಿ ಇನ್ನೊಬ್ಬನಿಗೆ ಜಾಗ ಕೊಟ್ಟರೆ ತನ್ನ ಪ್ರೇಕ್ಷಕರು ಕಡಿಮೆಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ?

ಈಗ ನಮ್ಮ ಓರಗೆಯವರೇ ಕೆಲವರು ಆಟವನ್ನು ಫೋನಿನಲ್ಲಿ ಚಿತ್ರಿಸಿ ಲೋಕಕ್ಕೆ ತೋರಿಸುತ್ತಾರೆ; ನಡುವೆ ಅಂಗಡಿಯೊಂದರ ಹೊಗಳಿಕೆಯೂ ಬರುತ್ತದೆ. ಹಣ ಪಡೆದು ಹೊಗಳಿದರೆ ಅದನ್ನು ಮರೆಮಾಚಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಮೊದಲ ಸಲಕ್ಕೆ 10 ಲಕ್ಷ ರೂಪಾಯಿಯವರೆಗೂ ದಂಡವುಂಟು. ದೆಹಲಿಯವರು ಬರೆದುದೂ ನಮ್ಮ ನೋಟುಬುಕ್ಕಿನಲ್ಲಿದ್ದುದೂ ಮೂಲದಲ್ಲಿ ಒಂದೇ: ಯಾರು ಕೊಟ್ಟರು, ಏಕೆ ಕೊಟ್ಟರು ಎಂಬುದು ಎಲ್ಲರಿಗೂ ಕಾಣುವಂತಿರಬೇಕು.

ಸಹಪಾಠಿ ಮಿತ್ರರೆ, ನಮ್ಮಲ್ಲಿ ಬಹುಮಂದಿ ಬರುವ ವರ್ಷ ನಮ್ಮ ನಮ್ಮ ಊರಿಗೆ ಮರಳುವೆವು. ಪದವೀಧರನೆಂದು ಊರಿನ ಜನ ನಮ್ಮ ಕೈಗೆ ರಶೀದಿ ಪುಸ್ತಕವನ್ನು ಕೊಡದೆ ಬಿಡಲಾರರು. ಅಂದು ಮೊದಲ ಹಾಳೆ ಹರಿಯುವ ಮುನ್ನ ಪಕ್ಕದ ಕೇರಿಗೆ ಹೋಗಿ, “ಈ ವರ್ಷ ನಿಮ್ಮಲ್ಲಿಯೂ ಆಟ ಉಂಟೋ?” ಎಂದು ಕೇಳಿ ಬರೋಣ. ನನ್ನ ತಂದೆಯವರು ಆ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟುದಕ್ಕೆ ತೆತ್ತ ಬೆಲೆಯನ್ನು ನಾನು ಬಲ್ಲೆ.