ಗಾದೆ, ಗೇಲಿ ಮತ್ತು ಬಹಿಷ್ಕಾರ

‘ಗಾದೆ ಕಣಯ್ಯ ಅದು. ಗಾದೆಗೂ ಕೇಸು ಹಾಕ್ತಾರಾ?’

2023ರ ಆಗಸ್ಟ್‌ನಲ್ಲಿ ಮಾಡದಕೆರೆಯ ಬಸ್‌ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಕೇಳಿದವರು ಕೆಟ್ಟವರಲ್ಲ. ಅವರ ತೋಟದಲ್ಲಿ ನಮ್ಮಪ್ಪ ಬಹಳ ವರ್ಷ ಕಾಯಿ ಸುಲಿದಿದ್ದಾನೆ. ನನಗೆ ಕಾಲೇಜಿನಲ್ಲಿ ಸೀಟು ಸಿಕ್ಕಾಗ ‘ಓದ್ಲಿ ಬಿಡು’ ಅಂದವರೂ ಅವರೇ. ಆದ್ದರಿಂದ ಆ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಅಂದು ಸರಿಯಾದ ಉತ್ತರವನ್ನೂ ಕೊಡಲಿಲ್ಲ. ಟೀ ಕುಡಿದು ಎದ್ದು ಬಂದೆ. ಈ ಲೇಖನ ಒಂದು ಲೆಕ್ಕದಲ್ಲಿ ಆ ಬಾಕಿ ಉತ್ತರ.

ಸಂಗತಿ ಓದುಗರಿಗೆ ಗೊತ್ತಿರುವುದೇ. ನಟ ಉಪೇಂದ್ರ ತಮ್ಮ ‘ಪ್ರಜಾಕೀಯ’ದ ವಾರ್ಷಿಕೋತ್ಸವಕ್ಕೆಂದು ಆಗಸ್ಟ್ 12ರಂದು ಫೇಸ್‌ಬುಕ್ಕಿನಲ್ಲಿ ನೇರವಾಗಿ ಮಾತಾಡುತ್ತಾ, ತಮ್ಮನ್ನು ಟೀಕಿಸುವವರ ಬಗ್ಗೆ ಹೇಳಲು ಹೋಗಿ, ಊರೆಂದ ಮೇಲೆ ಹೊಲಗೇರಿ ಇರುತ್ತದೆ ಎಂಬ ಗಾದೆಯನ್ನು ಬಳಸಿದರು. ಪ್ರತಿಭಟನೆ ನಡೆಯಿತು. ಅವರು ವಿಡಿಯೋ ತೆಗೆದುಹಾಕಿ ಕ್ಷಮೆ ಕೇಳಿದರು. ಬೆಂಗಳೂರಿನ ಚೆನ್ನಮ್ಮನಕೆರೆ ಅಚ್ಚುಕಟ್ಟು ಠಾಣೆಯಲ್ಲಿ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸಾಯಿತು. ಎರಡೇ ದಿನಕ್ಕೆ, ಆಗಸ್ಟ್ 14ರಂದು, ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು.

ಮೊದಲು ಆ ಗಾದೆಯನ್ನೇ ನೋಡೋಣ. ಅದರೊಳಗಿನ ಒಂದೊಂದು ಪದವೂ ಸತ್ಯ. ನಮ್ಮ ಹೊಸದುರ್ಗ ತಾಲ್ಲೂಕಿನಲ್ಲಿ ಯಾವ ಊರಿಗೆ ಹೋದರೂ ಒಂದು ಕೇರಿ ಐತೆ. ಊರಿದ್ದಲ್ಲಿ ಹೊಲಗೇರಿ ಇದೆ ಎನ್ನುವುದನ್ನು ಒಬ್ಬ ಸಮಾಜಶಾಸ್ತ್ರಜ್ಞ ಹೇಳಿದರೆ ಅದು ಅಧ್ಯಯನ. ಅಂಬೇಡ್ಕರ್ ಅವರು ಹೇಳಿದ್ದೂ ಹೆಚ್ಚುಕಡಿಮೆ ಇದೇ ವಾಸ್ತವವನ್ನು. ಸಿದ್ಧಲಿಂಗಯ್ಯನವರ ಆತ್ಮಕಥೆಯ ಹೆಸರೇ ‘ಊರುಕೇರಿ’. ಆದರೆ ಗಾದೆಯ ಬಾಯಲ್ಲಿ ಅದೇ ಮಾತು ಅರ್ಥ ಬದಲಿಸುತ್ತದೆ. ಎಲ್ಲ ಕಡೆ ಒಂದಿಷ್ಟು ಹೊಲಸು ಇದ್ದೇ ಇರುತ್ತೆ, ಸಹಿಸಿಕೋಬೇಕು ಎನ್ನುವುದು ಅದರ ಇಂಗಿತ. ಕೇರಿಯನ್ನು ಕಟ್ಟಿದ್ದು ಊರು ಎನ್ನುವುದು ಮರೆಯಾಗಿ, ಕೇರಿಯೇ ಊರಿಗೆ ಅಂಟಿದ ಕೊಳೆ ಎಂದಾಗುತ್ತದೆ. ಗಾದೆಗೆ ಕರ್ತೃ ಇಲ್ಲವಾದ್ದರಿಂದ ಯಾರನ್ನೂ ಹಿಡಿದು ಕೇಳುವಂತಿಲ್ಲ. ‘ನಾನು ಹೇಳಿದ್ದಲ್ಲ, ಹಿಂದಿನೋರು ಮಾಡಿದ್ದು’ ಎಂದು ಜಾರಿಕೊಳ್ಳಬಹುದು. ಉಪೇಂದ್ರ ಅವರಿಗೆ ದ್ವೇಷ ಇತ್ತೆಂದು ನನಗೇನೂ ಅನ್ನಿಸುವುದಿಲ್ಲ. ದ್ವೇಷವಿಲ್ಲದೆಯೇ ಆ ಮಾತು ನಾಲಿಗೆ ತುದಿಗೆ ಬರುತ್ತದಲ್ಲ, ನಾವು ಮಾತಾಡಬೇಕಾದದ್ದು ಅದರ ಬಗ್ಗೆ.

ಇಲ್ಲಿ ನನ್ನ ಬಾಲ್ಯದ ಒಂದು ನೆನಪು. ನಮ್ಮ ಸೀಮೆಯಲ್ಲಿ ಮೂಡಲಪಾಯ ಬಯಲಾಟ ಬಲ್ಲವರಿಗೆ ಸಾರಥಿ ಗೊತ್ತು. ರಂಗಕ್ಕೆ ಬಂದ ರಾಜನನ್ನೇ ‘ನೀ ಯಾರಪ್ಪ, ನಿಂದ್ಯಾವ ದೇಶ’ ಎಂದು ಕೇಳುವ ಹಕ್ಕು ಇರುವವನು ಅವನೊಬ್ಬನೇ. ಭಾಗವತರಿಗೂ ಕೀಟಲೆ, ದೇವೇಂದ್ರನಿಗೂ ಕೀಟಲೆ. ಊರ ಮುಂದೆ ಆಟ ಆದಾಗ ನಾವು ಕೇರಿಯವರು ಒಂದು ಪಕ್ಕಕ್ಕೆ, ಚಪ್ಪರದ ಬೆಳಕು ಮುಗಿಯುವ ಕಡೆ ಕೂರುತ್ತಿದ್ದೆವು. ಒಂದು ರಾತ್ರಿ ಸಾರಥಿ ನಮ್ಮ ಕಡೆ ಕೈ ಮಾಡಿ, ನಮ್ಮ ಮದುವೆ ಊಟದ ಬಗ್ಗೆ, ಸತ್ತ ಎಮ್ಮೆಯ ಬಗ್ಗೆ ಒಂದು ಮಾತು ಎಸೆದ. ಇಡೀ ಊರು ಬಿದ್ದು ಬಿದ್ದು ನಕ್ಕಿತು. ನಮ್ಮಪ್ಪನೂ ನಕ್ಕ. ಪಕ್ಕದಲ್ಲಿ ಕೂತಿದ್ದ ನನಗೆ ಅಪ್ಪನ ನಗು ಕೇಳಿಸಿತು, ಮುಖ ಕತ್ತಲಲ್ಲಿತ್ತು. ನಗದೆ ಕೂತಿದ್ದರೆ ಬೆಳಿಗ್ಗೆ ಯಾರಾದರೂ ‘ಏನ್ಲಾ, ರಾತ್ರಿ ಸಿಟ್ ಬಂತಾ?’ ಅಂತ ಕೇಳೋರು. ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಅಪ್ಪ ನಕ್ಕನೋ, ನಿಜಕ್ಕೂ ನಗು ಬಂತೋ, ಅವನಿರುವ ತನಕ ನಾನು ಕೇಳಲಿಲ್ಲ. ಹಾಸ್ಯವನ್ನು ಹಾಸ್ಯವಾಗಿ ತಗೊಳ್ಳಬೇಕು ಎಂದು ಉಪದೇಶ ಮಾಡುವವರು ನಗುವಿನ ಈ ಜಾತಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಎಲ್ಲರ ಬಾಯಲ್ಲಿರುವ ಮಾತು ‘ಕ್ಯಾನ್ಸಲ್ ಕಲ್ಚರ್’. ಒಬ್ಬ ಕಲಾವಿದ ಒಂದು ಮಾತು ತಪ್ಪಿದರೆ ಜನರೆಲ್ಲ ಮುಗಿಬಿದ್ದು ಅವನ ಕೆಲಸ, ವೇದಿಕೆ, ಮರ್ಯಾದೆ ಕಿತ್ತುಕೊಳ್ಳುತ್ತಾರೆ, ಇದು ಅಮೆರಿಕದಿಂದ ಬಂದ ಹೊಸ ರೋಗ ಎಂಬ ದೂರು. ಹೊಸದೇನು ಬಂತು ಮಾರಾಯ್ರೆ? ಕನ್ನಡದಲ್ಲಿ ಇದಕ್ಕೆ ಬಹಿಷ್ಕಾರ ಎಂಬ ಪದ ಹಿಂದಿನಿಂದಲೂ ಐತೆ. ಅಂಬೇಡ್ಕರ್ 1927ರಲ್ಲಿ ಶುರು ಮಾಡಿದ ಪತ್ರಿಕೆಯ ಹೆಸರು ‘ಬಹಿಷ್ಕೃತ ಭಾರತ’. ಬಾವಿ, ಹೋಟೆಲು, ಕ್ಷೌರದಂಗಡಿ, ಕೂಲಿ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ‘ಕ್ಯಾನ್ಸಲ್’ ಮಾಡುವ ಕಲೆಯಲ್ಲಿ ನಮ್ಮ ಹಳ್ಳಿಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಮಾತಿಗಾಗಿ ಬಹಿಷ್ಕಾರಕ್ಕೊಳಗಾದವರ ಪಟ್ಟಿಯಲ್ಲಿ ಕನ್ನಡದ ಮಟ್ಟಿಗೆ ದೊಡ್ಡ ಹೆಸರು ಬಿ. ಬಸವಲಿಂಗಪ್ಪನವರದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ ಮಂತ್ರಿ ಅವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಬೂಸಾ ಎಂದರೆ ದನ ತಿನ್ನುವ ಹೊಟ್ಟು. ದನ ಕಟ್ಟಿದವರ ಮನೆಯ ಪದ, ಅದರಲ್ಲೊಂದು ಕುಹಕವೂ ಇತ್ತು. ಅದನ್ನು ಒಪ್ಪಬೇಕಾಗಿರಲಿಲ್ಲ, ವಾದ ಮಾಡಬಹುದಿತ್ತು. ಆದದ್ದೇ ಬೇರೆ. ಕಾಲೇಜುಗಳು ಬೀದಿಗೆ ಬಂದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಅರಸು ಸಂಪುಟದಿಂದ ಬಸವಲಿಂಗಪ್ಪ ಹೊರಬರಬೇಕಾಯಿತು. ಅಂದು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಅವರ ಪರ ನಿಂತವರು ಬೆರಳೆಣಿಕೆಯಷ್ಟು. ದಲಿತ ಸಂಘರ್ಷ ಸಮಿತಿ ಹುಟ್ಟಲು ನೆಲ ಹದವಾದದ್ದು ಆ ಗಲಾಟೆಯಲ್ಲೇ ಎನ್ನುವುದು ಬೇರೆ ಮಾತು.

ಇನ್ನೊಂದು ಇತ್ತೀಚಿನದು. 2021ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಹಂಸಲೇಖ, ಪೇಜಾವರ ಶ್ರೀಗಳ ದಲಿತ ಕೇರಿ ಭೇಟಿಯನ್ನು ಪ್ರಸ್ತಾಪಿಸಿ, ಕೇರಿಯವರು ಕೋಳಿ ಕೊಟ್ಟರೆ ತಿನ್ನಲಾಗುತ್ತಾ ಎಂದು ನಗೆಯಾಡಿದರು. ಶ್ರೀಗಳು ತೀರಿಕೊಂಡು ಎರಡು ವರ್ಷವಾಗಿತ್ತು. ಆ ಹೊತ್ತಿಗೆ ಅದು ಬೇಕಿತ್ತೆ ಎಂದು ಕೇಳಬಹುದು. ಆದರೆ ಪ್ರಶ್ನೆ ಸಾಚಾ ಪ್ರಶ್ನೆ: ನಮ್ಮ ಮನೆಗೆ ಬರುವುದು ದೊಡ್ಡದೋ, ನಮ್ಮ ತಟ್ಟೆಯಲ್ಲಿ ಉಣ್ಣುವುದು ದೊಡ್ಡದೋ? ಹಂಸಲೇಖ ಕ್ಷಮೆ ಕೇಳಿದರು, ಆದರೂ ಬಸವನಗುಡಿ ಠಾಣೆಯಲ್ಲಿ ಕೇಸು, ವಿಚಾರಣೆ, ಠಾಣೆಯ ಮುಂದೆ ಪರ-ವಿರೋಧದ ಘೋಷಣೆ. ಎರಡು ವರ್ಷದ ಮೇಲೆ ಅವರೇ ಮೈಸೂರು ದಸರಾ ಉದ್ಘಾಟಿಸಿದರು ಎನ್ನುವುದನ್ನೂ ಹೇಳಬೇಕು. ಹೆಸರಿದ್ದವರಿಗೆ ಬಹಿಷ್ಕಾರ ಬಹಳ ದಿನ ಅಂಟುವುದಿಲ್ಲ.

ಉಪೇಂದ್ರ, ಹಂಸಲೇಖ ಇಬ್ಬರ ಮೇಲೂ ಕೇಸು ಬಿತ್ತಲ್ಲ, ಸಮ ಆಯ್ತಲ್ಲ ಎನ್ನುವವರುಂಟು. ಇಲ್ಲಿ ಕಾನೂನನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ, 19(2) ಅದಕ್ಕೆ ಮಿತಿಗಳನ್ನು ಹೇಳುತ್ತದೆ: ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ ಇತ್ಯಾದಿ. ‘ಭಾವನೆಗೆ ಧಕ್ಕೆ’ ಎಂದು ನಾವು ಕರೆಯುವುದು ದಂಡ ಸಂಹಿತೆಯ 295ಎ ಕಲಮು. ಬ್ರಿಟಿಷರು 1927ರಲ್ಲಿ ಸೇರಿಸಿದ್ದು, 2024ರ ಜುಲೈಯಿಂದ ಅದು ನ್ಯಾಯ ಸಂಹಿತೆಯ 299ನೇ ಕಲಮು. ಅದು ಕಾಯುವುದು ಧಾರ್ಮಿಕ ಭಾವನೆಯನ್ನು, ಯಾವ ಧರ್ಮವಾದರೂ ಸರಿ. 1989ರ ದೌರ್ಜನ್ಯ ತಡೆ ಕಾಯ್ದೆ ಕಾಯುವುದು ಇನ್ನೊಂದನ್ನು. ಪರಿಶಿಷ್ಟರನ್ನು ಜನ ನೋಡುವಂಥ ಕಡೆ, ಕೀಳು ಮಾಡಬೇಕೆಂಬ ಉದ್ದೇಶದಿಂದ ಅವಮಾನಿಸಿದರೆ, ಜಾತಿ ಹಿಡಿದು ಬೈದರೆ ಅಪರಾಧ. 2016ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅಪರಾಧವೇ. ಒಂದು ಕಾನೂನಿನ ಹಿಂದೆ ಇರುವುದು ನೊಂದ ಮನಸ್ಸು, ಇನ್ನೊಂದರ ಹಿಂದೆ ನೀರು, ಕೂಲಿ, ದಾರಿ ಕಳೆದುಕೊಂಡ ಮೈ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು.

ಹಾಗೆಂದು ಈ ಕಾಯ್ದೆಯನ್ನು ಪ್ರತಿ ಕೆಟ್ಟ ಮಾತಿಗೂ ಹಿಡಿಯಬೇಕೆ? ನಾನು ಇಲ್ಲಿ ನಮ್ಮವರ ಜೊತೆ ಜಗಳ ಆಡುವವನು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಕೇರಳದ ಒಂದು ಪ್ರಕರಣದಲ್ಲಿ, ಪರಿಶಿಷ್ಟ ಜಾತಿಯವರನ್ನು ಅವಮಾನಿಸಿದ ಮಾತ್ರಕ್ಕೆ ಸಾಲದು, ಜಾತಿಯ ಕಾರಣಕ್ಕೇ ಕೀಳು ಮಾಡುವ ಉದ್ದೇಶ ಇರಬೇಕು ಎಂದಿತು. ನಾಲಿಗೆ ಜಾರಿದ ನಟನ ಮೇಲೆ ಈ ಅಸ್ತ್ರ ಬಿಟ್ಟು ಎರಡು ದಿನಕ್ಕೆ ತಡೆಯಾಜ್ಞೆ ಬಂದರೆ, ನಾಳೆ ಹಳ್ಳಿಯಲ್ಲಿ ನಿಜವಾಗಿ ಏಟು ತಿಂದವನು ಠಾಣೆಗೆ ಹೋದಾಗ ‘ನಿಮ್ದು ಇದೇ ಆಯ್ತು’ ಎನ್ನುತ್ತಾರೆ. ಅದರ ಬೆಲೆ ತೆರುವವನು ಅವನು.

2012ರ ವ್ಯಂಗ್ಯಚಿತ್ರದ ಗಲಾಟೆಯಲ್ಲೂ ನಾವು ಎಡವಿದೆವು ಅನ್ನಿಸುತ್ತದೆ. 1949ರಲ್ಲಿ ಶಂಕರ್ ಬರೆದ ಚಿತ್ರ: ಬಸವನಹುಳುವಿನಂತೆ ತೆವಳುವ ಸಂವಿಧಾನದ ಮೇಲೆ ಚಾಟಿ ಹಿಡಿದ ಅಂಬೇಡ್ಕರ್, ಹಿಂದೆ ಚಾಟಿ ಎತ್ತಿದ ನೆಹರೂ. ಅದು ಹನ್ನೊಂದನೇ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಲ್ಲಿತ್ತು. ಸಂಸತ್ತಿನಲ್ಲಿ ಕೂಗಾಟವಾಯಿತು, ಸಲಹೆಗಾರರಾದ ಯೋಗೇಂದ್ರ ಯಾದವ್, ಸುಹಾಸ್ ಪಲ್ಶೀಕರ್ ರಾಜೀನಾಮೆ ಕೊಟ್ಟರು, ಪುಣೆಯಲ್ಲಿ ಪಲ್ಶೀಕರ್ ಕಚೇರಿಯ ಮೇಲೆ ದಾಳಿಯಾಯಿತು. ಬ್ರಾಹ್ಮಣನೊಬ್ಬ ದಲಿತನ ಬೆನ್ನ ಹಿಂದೆ ಚಾಟಿ ಹಿಡಿದು ನಿಂತ ಚಿತ್ರ ಕೇರಿಯ ಹುಡುಗನಿಗೆ ಹೇಗೆ ಕಾಣುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಅದನ್ನು ಆ ಹುಡುಗನೇ ತರಗತಿಯಲ್ಲಿ ಎದ್ದು ಕೇಳಬೇಕಿತ್ತು. ಪುಟವನ್ನೇ ಕಿತ್ತರೆ ಅವನ ಪ್ರಶ್ನೆಯೂ ಹೋಯಿತು.

2023ರ ಫೆಬ್ರವರಿಯ ಬೆಂಗಳೂರಿನ ಪ್ರಹಸನ ಮಾತ್ರ ಬೇರೆ. ಜೈನ್ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಕಾಲೇಜಿನ ಹುಡುಗರು ವೇದಿಕೆಯ ಮೇಲೆ ಮೀಸಲಾತಿಯನ್ನು ಗೇಲಿ ಮಾಡುತ್ತಾ ಬಿ.ಆರ್. ಎಂಬುದನ್ನು ಬಿಯರ್ ಮಾಡಿದರು. ಬಂಧನವಾಯಿತು, ಮುಂದೆ ಹೈಕೋರ್ಟು ಕೇಸನ್ನು ರದ್ದುಗೊಳಿಸಿತು. ಹುಡುಗರು ಜೈಲಿಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ನನಗೆ ಕಾಡುವುದು ಆ ಸಭಾಂಗಣದಲ್ಲಿ ನಗುತ್ತಿದ್ದವರ ನಡುವೆ ಕೂತಿದ್ದಿರಬಹುದಾದ, ಸ್ಕಾಲರ್‌ಶಿಪ್ಪಿನ ಮೇಲೆ ಓದುವ ಒಬ್ಬ ಹುಡುಗ ಅಥವಾ ಹುಡುಗಿ. ಅವರೂ ನಕ್ಕರೆ?

ಕೆಳಗಿನವರು ಸ್ವಾತಂತ್ರ್ಯದ ಪರ ಇರಲೇಬೇಕಾದ್ದಕ್ಕೆ ಇನ್ನೊಂದು ಕಾರಣವೂ ಉಂಟು. ನಿಷೇಧದ ಬಡಿಗೆ ಕೊನೆಗೆ ಬೀಳುವುದು ಬಲವಿಲ್ಲದವನ ಬೆನ್ನಿಗೆ. ಮುನಾವರ್ ಫಾರೂಕಿ 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧಿತನಾಗಿ ಒಂದು ತಿಂಗಳಿಗೂ ಮೀರಿ ಜೈಲಿನಲ್ಲಿದ್ದ. ಅದೇ ವರ್ಷ ನವೆಂಬರ್ 28ರ ಬೆಂಗಳೂರಿನ ಪ್ರದರ್ಶನವೂ ಪೊಲೀಸರ ಪತ್ರದಿಂದಾಗಿ ರದ್ದಾಯಿತು. ಮರುವರ್ಷ ಚೌಡಯ್ಯ ಸ್ಮಾರಕ ಭವನದಲ್ಲಿ ವೀರ್ ದಾಸ್ ಪ್ರದರ್ಶನಕ್ಕೂ ಅದೇ ಗತಿ.

ನಗುವೇ ಬೇಡ ಎನ್ನುವ ದಲಿತ ವಿಮರ್ಶೆ ತನ್ನ ಆಸ್ತಿಯನ್ನೇ ಕಳೆದುಕೊಂಡೀತು. ದೇವನೂರರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ಕದ್ದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿಂದು ಮುಗಿಸುತ್ತಾರೆ. ಪೊಲೀಸರಿಗೆ ಸಾಕ್ಷಿಯೇ ಸಿಗುವುದಿಲ್ಲ. ಸಿದ್ಧಲಿಂಗಯ್ಯ ಹಸಿವನ್ನೂ ಅವಮಾನವನ್ನೂ ನಗಿಸುತ್ತಲೇ ಹೇಳಿದರು. ಅಲ್ಲಿ ನಗುವವನೂ ಉಂಡವನೂ ನೊಂದವನೂ ಒಬ್ಬನೇ.

ಮತ್ತೆ ನಮ್ಮೂರ ಕಡೆಗೆ. ಅಪ್ಪ ನಕ್ಕ ರಾತ್ರಿಯಾದ ಕೆಲವು ವರ್ಷಕ್ಕೆ ನಮ್ಮ ಕೇರಿಯ ಹುಡುಗರೇ ಒಂದು ಬಯಲಾಟ ಕಲಿತರು. ನನ್ನ ಚಿಕ್ಕಪ್ಪನ ಮಗನೇ ಸಾರಥಿ. ಆಟ ಚೆನ್ನಾಗಿ ನಡೆಯಿತು, ಊರವರೂ ಬಂದು ದೂರ ನಿಂತು ನೋಡಿದರು. ನಡುರಾತ್ರಿಯಲ್ಲಿ ಸಾರಥಿ ರಾಕ್ಷಸನನ್ನು ‘ಏನಪ್ಪ, ಬಡ್ಡಿ ಎಷ್ಟು ಹಾಕ್ತೀಯ?’ ಎಂದು ಕೇಳಿದ. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರಿಗೂ ಅರ್ಥವಾಯಿತು. ಬೆಳಿಗ್ಗೆ ನಮ್ಮವ್ವ ರಾಗಿ ಹೊತ್ತು ಗಿರಣಿಗೆ ಹೋದರೆ ಬೆಲ್ಟು ಕಿತ್ತಿದೆ ಎಂದರು. ಒಂದು ತಿಂಗಳು ನಮ್ಮ ಕೇರಿಯ ರಾಗಿಗೆ ಮಾತ್ರ ಬೆಲ್ಟು ಕಿತ್ತೇ ಇತ್ತು. ಹೆಂಗಸರು ಬೀಸುಕಲ್ಲು ಇಳಿಸಿದರು. ತಮ್ಮ ಬೆಂಗಳೂರಿನ ಬಸ್ಸು ಹತ್ತಿದ, ಈಗ ಅಲ್ಲೇ ಗಾರೆ ಕೆಲಸ. ಮತ್ತೆ ಬಣ್ಣ ಹಚ್ಚಲಿಲ್ಲ.

ಉಪೇಂದ್ರ ಅವರ ಗಲಾಟೆಯ ವಾರದಲ್ಲಿ ಅವನಿಗೆ ಫೋನ್ ಮಾಡಿದ್ದೆ. ಜೈಲಿಗೆ ಹಾಕ್ಬೇಕು ಅಂತೀಯೇನೋ ಎಂದೆ.

‘ಜೈಲ್ಯಾಕಣ್ಣ? ನಮ್ಮ ಕೇರಿಗೆ ಒಂದಪ ಬರೇಳು. ಸಾರಥಿ ಪಾರ್ಟು ಅವ್ರುದೇ. ಮಾತು ಮಾತ್ರ ನಾನು ಹೇಳ್ಕೊಡ್ತೀನಿ’ ಎಂದು ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಆ ಗಿರಣಿ ಇನ್ನೂ ಐತೇನಣ್ಣ?’