‘ತೊಲ್ಯೆರೆ’ ಎಂಬ ಮಾತು

ಡಾಂಟೆ ಮಹಾಕವಿಯ ನರಕಖಂಡದ ಐದನೆಯ ಸರ್ಗವನ್ನು ಕನ್ನಡಕ್ಕೆ ತರುವ ಸಾಹಸಕ್ಕೆ ಕೈಯಿಕ್ಕಿದಾಗ ಒಂದು ಸಣ್ಣ ಕ್ರಿಯಾಪದ ನನ್ನನ್ನು ತಡೆದು ನಿಲ್ಲಿಸಿತು. ಮೈದುನನಲ್ಲಿ ಅನುರಕ್ತಳಾಗಿ, ಗಂಡನ ಕೈಯಿಂದಲೇ ಹತಳಾದ ಫ್ರಾಂಚೆಸ್ಕಾ ಅಲ್ಲಿ ಬಿರುಗಾಳಿಯ ಸುಳಿಯೊಳಗಿನಿಂದ ತನ್ನ ಕಥೆಯನ್ನು ಹೇಳುತ್ತಾಳೆ. ತನ್ನ ಚೆಲುವಾದ ದೇಹವನ್ನು ನೆನೆಯುವಾಗ ಆಕೆಯ ಬಾಯಲ್ಲಿ ಬರುವ ಮಾತು ‘ತೊಲ್ತಾ’. ‘ತೊಲ್ಯೆರೆ’ ಎಂಬ ಕ್ರಿಯಾಪದದ ಭೂತಕೃದಂತ ಅದು. ನನ್ನ ಇಟಾಲಿಯನ್ ಜ್ಞಾನವಾದರೋ ಇಂಗ್ಲಿಷ್ ನಿಘಂಟಿನ ಊರುಗೋಲು ಹಿಡಿದು ನಡೆಯುವಂಥದು. ನಿಘಂಟು ಮೊದಲಿಗೆ ‘ರಿಮೂವ್’ ಎಂದಿತು. ನಾನೂ ‘ತೆಗೆದುಹಾಕಿದ ದೇಹ’ ಎಂದು ಬರೆದೆ. ಮರುದಿನ ಗಟ್ಟಿಯಾಗಿ ಓದಿದಾಗ ನನಗೇ ನಾಚಿಕೆಯಾಯಿತು. ಗೋಡೆಯ ಮೊಳೆಯನ್ನು ತೆಗೆದುಹಾಕಬಹುದು. ಹೆಣ್ಣೊಬ್ಬಳ ಒಡಲನ್ನು ಕುರಿತು ಹಾಗೆನ್ನಬಹುದೆ?

ತಪ್ಪು ನಿಘಂಟಿನದಲ್ಲ. ಇಟಲಿಯವರು ಒಂದೇ ಮಾತಿನಿಂದ ತೂಗಿಸುವ ಸಂಸಾರಕ್ಕೆ ಇಂಗ್ಲಿಷಿನಲ್ಲಿ ಹಲವು ಮಾತುಗಳು ಬೇಕು. ಟೊಪ್ಪಿಗೆಯಾದರೆ ‘ಟೇಕ್ ಆಫ್’, ಬಟ್ಟೆಯ ಕಲೆಯಾದರೆ ‘ರಿಮೂವ್’, ಉಂಡ ತಟ್ಟೆಯಾದರೆ ‘ಟೇಕ್ ಅವೇ’, ಲೆಕ್ಕದಲ್ಲಾದರೆ ‘ಸಬ್‌ಟ್ರ್ಯಾಕ್ಟ್’, ಸ್ವಾತಂತ್ರ್ಯವಾದರೆ ‘ಡಿಪ್ರೈವ್’. ಅತಿಥಿಯೊಬ್ಬ ಬೀಳ್ಕೊಳ್ಳುವಾಗ, ತನ್ನಿಂದಾದ ತೊಂದರೆಯನ್ನು ತೆಗೆಯುತ್ತೇನೆಂದು ಇದೇ ಮಾತನ್ನು ಬಳಸುತ್ತಾನೆ. ಇಂಗ್ಲಿಷಿನವನು ‘ಇನ್ನು ಹೊರಡುತ್ತೇನೆ’ ಎಂದಷ್ಟೇ ಹೇಳಿ ಎದ್ದಾನು. (ನಮ್ಮವರು ಹೊರಡುವಾಗ ‘ಬರುತ್ತೇನೆ’ ಎನ್ನುವುದನ್ನು ಯಾವ ನಿಘಂಟು ಬಿಡಿಸೀತೊ!) ‘ಅದು ಇದನ್ನು ತೆಗೆಯದು’ ಎಂಬ ನುಡಿಗಟ್ಟೊಂದಿದೆ. ಇಂಗ್ಲಿಷಿನ ‘ನೆವರ್‌ದಲೆಸ್’ ಆಗುವಷ್ಟರಲ್ಲಿ ಅದರಲ್ಲಿನ ತೆಗೆಯುವ ಕ್ರಿಯೆಯೇ ಮಾಯ.

ಇದರ ತಾಯಿ ಲ್ಯಾಟಿನ್ನಿನ ‘ತೊಲ್ಲೆರೆ’. ಅದಕ್ಕೆ ಮೇಲೆತ್ತು ಎಂದೂ ಅರ್ಥ, ಇಲ್ಲವಾಗಿಸು ಎಂದೂ ಅರ್ಥ. ಕ್ರಿ. ಪೂ. 43ರಲ್ಲಿ ಸಿಸಿರೋ ತರುಣ ಆಕ್ಟೇವಿಯನ್ನನನ್ನು ಹೊಗಳುತ್ತಲೇ ಈ ಶ್ಲೇಷೆಯನ್ನಾಡಿದನೆಂಬ ಸುದ್ದಿ ಆ ತರುಣನ ಕಿವಿಗೂ ಮುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಿಸಿರೋ ಹತನಾದ. ಕೊಲ್ಲಬೇಕಾದವರ ಪಟ್ಟಿಗೆ ಆಕ್ಟೇವಿಯನ್ನನ ಒಪ್ಪಿಗೆಯೂ ಇತ್ತು. ಶ್ಲೇಷೆಯೊಂದೇ ಕಾರಣವೆಂದು ನಾನು ಹೇಳಲಾರೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅರ್ಥವಲ್ಲ, ವಿಭಕ್ತಿ. ಇಂಗ್ಲಿಷಿನಲ್ಲಿ ಕೊಡುವುದು ಒಬ್ಬನಿಗೆ, ಕಿತ್ತುಕೊಳ್ಳುವುದು ಒಬ್ಬನಿಂದ. ಇಟಾಲಿಯನ್ನಿನಲ್ಲಿ ಎರಡಕ್ಕೂ ಚತುರ್ಥಿಯೇ. ಮಗುವಿಗೆ ಆಟಿಕೆಯನ್ನು ಕೊಡುತ್ತಾರೆ. ಮಗುವಿಗೇ ಅದನ್ನು ‘ತೆಗೆಯುತ್ತಾರೆ’. ಫ್ರಾಂಚೆಸ್ಕಾ ಹೇಳುವುದೂ ಹಾಗೆಯೇ: ‘ನನ್ನಿಂದ’ ಅಲ್ಲ, ‘ನನಗೆ’. 1867ರಲ್ಲಿ ತನ್ನ ಅನುವಾದವನ್ನು ಪ್ರಕಟಿಸಿದ ಲಾಂಗ್‌ಫೆಲೋ ಕವಿಗೂ ‘ಫ್ರಮ್ ಮಿ’ ಎನ್ನದೆ ವಿಧಿಯಿರಲಿಲ್ಲ. ಹಾಗೆಂದೊಡನೆ ನಮ್ಮ ನೋಟ ಕಸಿದ ಕೈಯ ಕಡೆಗೆ ಹೊರಳುತ್ತದೆ. ಮೂಲದಲ್ಲಿ ಅದು ಕಳೆದುಕೊಂಡವಳ ಮೇಲೆಯೇ ನಿಂತಿದೆ.

ಕನ್ನಡದಲ್ಲಿ ‘ನನ್ನಿಂದ ಕಸಿದ’ ಎಂದರೆ ಬಲಾತ್ಕಾರ ಉಳಿಯುತ್ತದೆ, ಚತುರ್ಥಿ ಹೋಗುತ್ತದೆ. ‘ನನಗಿಲ್ಲವಾದ’ ಎಂದರೆ ಚತುರ್ಥಿ ಉಳಿದು ಕೊಲೆಗಾರ ತಪ್ಪಿಸಿಕೊಳ್ಳುತ್ತಾನೆ. ಹಸ್ತಪ್ರತಿಯಲ್ಲಿ ಮೊದಲನೆಯದನ್ನು ಮಸಿಯಲ್ಲಿ ಬರೆದಿದ್ದೇನೆ. ಎರಡನೆಯದು ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಇನ್ನೂ ಅಳಿಸದೆ ಇದೆ.