ಪೋಕೆಮಾನ್ ಪಂದ್ಯ: ನಿಯಮ ಬದಲಾದರೆ ಗುಲಾಮನೇ ದೊಡ್ಡವ, ಮಕ್ಕಳ ಆಟಕ್ಕೆ ದುಡ್ಡು ಹಾಕುವ ಮೊದಲು ಇದು ಗೊತ್ತಿರಲಿ

ವಂಡ್ಸೆ: ಇಸ್ಪೀಟಿನಲ್ಲಿ ‘ಇಪ್ಪತ್ತೆಂಟು’ ಆಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಆ ಆಟದಲ್ಲಿ ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ತಲಾ 1. ರಾಜ, ರಾಣಿಗೆ ಸೊನ್ನೆ. ಕಟ್ಟು ಅದೇ, ಎಲೆ ಅದೇ. ನಿಯಮ ಬೇರೆಯಾದ ಕೂಡಲೇ ರಾಜನ ದರ್ಬಾರು ಮುಗಿಯಿತು.

ಶಾಲೆ ಬಿಟ್ಟ ಮೇಲೆ ಅಂಗಡಿ ಜಗಲಿಯಲ್ಲೋ ಬಸ್ ಕಾಯುವಲ್ಲೋ ಮಕ್ಕಳು ಮೊಬೈಲ್ ಹಿಡಿದು ಆಡುವ ಪೋಕೆಮಾನ್ ಪಂದ್ಯದ ಗುಟ್ಟೂ ಇಷ್ಟೇ. ಆದರೆ ಮನೆಯಲ್ಲಿ ಕೇಳಿಬರುವ ಮಾತು ಬೇರೆ. ‘ಅಪ್ಪಯ್ಯ, ಇನ್ನೂರ್ ರೂಪಾಯಿ ಬೇಕ್, ದೊಡ್ಡ ಪೋಕೆಮಾನ್ ಇಲ್ದಿರೆ ಗೆಲ್ಲುಕಾತಿಲ್ಲೆ’ ಎಂಬ ರಾಗ. ಇದು ಎಷ್ಟು ಸತ್ಯ? ಪಂದ್ಯದ ನಿಯಮ ನೋಡಿದರೆ, ಹೆಚ್ಚಿನ ಸಲ ಸತ್ಯವಲ್ಲ.

ಏನಿದು ಆಟ?

ಪೋಕೆಮಾನ್ ಹುಟ್ಟಿದ್ದು ಜಪಾನಿನಲ್ಲಿ, 1996ರಲ್ಲಿ. ನಮ್ಮಲ್ಲಿ 2003ರಲ್ಲಿ ಟಿವಿ ಕಾರ್ಟೂನ್ ಆಗಿ ಬಂತು. ಆಗ ನೋಡಿದ ಮಕ್ಕಳೇ ಇವತ್ತಿನ ಅಪ್ಪ ಅಮ್ಮಂದಿರು. 2016ರಲ್ಲಿ ‘ಪೋಕೆಮಾನ್ ಗೋ’ ಎಂಬ ಮೊಬೈಲ್ ಆಟ ಶುರುವಾಯಿತು. ಅದೇ ಡಿಸೆಂಬರ್‌ನಲ್ಲಿ ಜಿಯೋ ಜೊತೆಗಿನ ಒಪ್ಪಂದದಲ್ಲಿ ಭಾರತಕ್ಕೂ ಕಾಲಿಟ್ಟಿತು. ಊರೂರು ತಿರುಗಿ ಪರದೆಯ ಮೇಲೆ ಕಾಣುವ ವಿಚಿತ್ರ ಪ್ರಾಣಿಗಳನ್ನು ಹಿಡಿಯುವುದು, ಬೆಳೆಸುವುದು, ಕಾದಾಡಿಸುವುದು, ಇಷ್ಟೇ ಆಟ. ಆಡಲು ದುಡ್ಡು ಬೇಡ. ಆದರೆ ಒಳಗೊಂದು ಅಂಗಡಿ ಇದೆ, ಅಲ್ಲಿ ನಾಣ್ಯ ಕೊಂಡುಕೊಳ್ಳಬಹುದು.

ಪಂದ್ಯದಲ್ಲಿ ಇಬ್ಬರೂ ತಲಾ ಮೂರು ಪೋಕೆಮಾನ್ ಇಳಿಸುತ್ತಾರೆ. ದೊಡ್ಡ ಹೊಡೆತ ತಡೆಯಲು ತಲಾ ಎರಡು ಗುರಾಣಿ ಸಿಗುತ್ತವೆ. ಬೆಂಕಿ, ನೀರು, ಹುಲ್ಲು, ಮಂಜು, ಭೂತ ಹೀಗೆ ಒಟ್ಟು 18 ಬಗೆ. ನೀರು ಬೆಂಕಿಯನ್ನು ಹೊಡೆಯುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ.

ಹಳಬರಿಗೆ ಈ ಲೆಕ್ಕ ಹೊಸದಲ್ಲ. ಯಾವ ದಿನ ಯಾವ ಬಣ್ಣದ ಕೋಳಿ ಯಾವ ಬಣ್ಣದ್ದನ್ನು ಗೆಲ್ಲುತ್ತದೆ ಎಂದು ಕುಕ್ಕುಟ ಪಂಚಾಂಗ ಬಿಡಿಸಿ ನೋಡುತ್ತಿದ್ದ ಕಾಲವಿತ್ತು. ಜೀವವಿರುವ ಕೋಳಿ ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಇಲ್ಲಿ ಕಾದುವುದು ಬರೀ ಚಿತ್ರಗಳು. ಆದರೆ ‘ಯಾವುದರ ಎದುರು ಯಾವುದು’ ಎಂಬ ಪ್ರಶ್ನೆ ಅದೇ.

ಮಿತಿ ಇದ್ದಲ್ಲಿ ದಾಳಿ ದುಬಾರಿ

ಪ್ರತಿ ಪೋಕೆಮಾನ್‌ಗೂ ‘ಸಿಪಿ’ ಎಂಬ ಅಂಕಿ ಇರುತ್ತದೆ. ಅದರ ಬಲದ ತೂಕ ಅಂದುಕೊಳ್ಳಿ. ಮಾಸ್ಟರ್ ಲೀಗ್‌ನಲ್ಲಿ ಸಿಪಿಗೆ ಮಿತಿ ಇಲ್ಲ. ಅಲ್ಟ್ರಾ ಲೀಗ್‌ನಲ್ಲಿ 2500, ಗ್ರೇಟ್ ಲೀಗ್‌ನಲ್ಲಿ 1500, ಲಿಟಲ್ ಕಪ್‌ನಲ್ಲಿ ಬರೀ 500. ಅದಕ್ಕಿಂತ ಒಂದಂಕಿ ಹೆಚ್ಚಾದರೂ ಪ್ರವೇಶ ಇಲ್ಲ.

ಇಲ್ಲಿ ಹೆಚ್ಚಿನ ಮಕ್ಕಳು ಎಡವುವ ಜಾಗ ಇದೆ. ಸಿಪಿ ಲೆಕ್ಕಕ್ಕೆ ದಾಳಿ, ರಕ್ಷಣೆ, ಜೀವಬಲ ಮೂರೂ ಸೇರುತ್ತವೆ, ಆದರೆ ಸಮನಾಗಿ ಅಲ್ಲ. ದಾಳಿ ನಾಲ್ಕು ಪಟ್ಟಾದರೆ ಸಿಪಿಯೂ ನಾಲ್ಕು ಪಟ್ಟು ಏರುತ್ತದೆ. ರಕ್ಷಣೆಯೋ ಜೀವಬಲವೋ ನಾಲ್ಕು ಪಟ್ಟಾದರೆ ಸಿಪಿ ಏರುವುದು ಎರಡೇ ಪಟ್ಟು. ಸಂತೆ ಭಾಷೆಯಲ್ಲಿ ಹೇಳುವುದಾದರೆ ದಾಳಿ ದುಬಾರಿ ಸಾಮಾನು, ರಕ್ಷಣೆ ಮತ್ತು ಜೀವಬಲ ಅಗ್ಗದ ಸಾಮಾನು. ಜೇಬಿನಲ್ಲಿ 1500 ಮಾತ್ರ ಇದ್ದಾಗ ಜಾಣ ಗಿರಾಕಿ ಯಾವುದರಿಂದ ಚೀಲ ತುಂಬಿಸುತ್ತಾನೆ?

ಹಿಡಿದ ಪ್ರತಿ ಪೋಕೆಮಾನ್‌ಗೆ ಈ ಮೂರು ಗುಣಕ್ಕೂ 0ಯಿಂದ 15ರವರೆಗೆ ಹುಟ್ಟುಗುಣದ ಅಂಕ ಇರುತ್ತದೆ. ಮೂರರಲ್ಲೂ 15 ಬಂದದ್ದನ್ನು ಮಕ್ಕಳು ‘ನೂರು ಪರ್ಸೆಂಟ್’ ಎಂದು ಮೆರೆಸುತ್ತಾರೆ. ಮಿತಿಯಿಲ್ಲದ ಮಾಸ್ಟರ್ ಲೀಗ್‌ಗೆ ಅದೇ ಸರಿ. ಗ್ರೇಟ್ ಲೀಗ್‌ಗೆ ಮಾತ್ರ ದಾಳಿ 0, ರಕ್ಷಣೆ 15, ಜೀವಬಲ 15 ಇರುವುದು ಸಾಮಾನ್ಯವಾಗಿ ಮೇಲು. ಅದೇ 1500ರೊಳಗೆ ಅದು ಹೆಚ್ಚು ಹೊತ್ತು ನಿಲ್ಲುತ್ತದೆ. ಇದಕ್ಕೊಂದು ವಿನಾಯಿತಿ: ಎಷ್ಟು ಬೆಳೆಸಿದರೂ ಮಿತಿ ಮುಟ್ಟದ ಸಣ್ಣ ಜಾತಿಗಳಿಗೆ ಮೂರೂ 15 ಇದ್ದರೇ ಒಳ್ಳೆಯದು.

ಹಾಗಾಗಿ ‘ನಕ್ಷತ್ರ ಕಡಿಮೆ’ ಎಂದು ಮಕ್ಕಳು ಪ್ರೊಫೆಸರ್‌ಗೆ ಕಳಿಸಿಬಿಡುವ ರಾಶಿಯಲ್ಲೇ ಗೆಲ್ಲುವ ಕುದುರೆ ಇರಬಹುದು. ಕಳಿಸಿದ್ದು ವಾಪಸ್ ಬರುವುದಿಲ್ಲ. ಬೆಳೆಸುವುದೂ ಹಾಗೆಯೇ. ಸಿಪಿ 1500 ದಾಟಿದರೆ ಇಳಿಸಲು ದಾರಿ ಇಲ್ಲ. 400 ಕ್ಯಾಂಡಿ ಕೂಡಿಟ್ಟು ಮ್ಯಾಜಿಕಾರ್ಪ್ ಎಂಬ ಬಡಪಾಯಿ ಮೀನನ್ನು ಗ್ಯಾರಡೋಸ್ ಆಗಿ ಮಾರ್ಪಡಿಸುವಾಗ ಸಿಪಿ ಹತ್ತಾರು ಪಟ್ಟು ಜಿಗಿಯುತ್ತದೆ. ಲೆಕ್ಕ ನೋಡದೆ ಗುಂಡಿ ಒತ್ತಿದರೆ ತಿಂಗಳುಗಟ್ಟಲೆ ಕೂಡಿಟ್ಟದ್ದು ಗ್ರೇಟ್ ಲೀಗ್‌ಗೆ ಪ್ರಯೋಜನಕ್ಕಿಲ್ಲ.

ಬಗೆಗೂ ಬೇಲಿ ಹಾಕಿದಾಗ

ಕೆಲವು ಕಪ್‌ಗಳಲ್ಲಿ ಸಿಪಿ ಜೊತೆಗೆ ಬಗೆಗೂ ಬೇಲಿ. ಎಲಿಮೆಂಟ್ ಕಪ್‌ನಲ್ಲಿ ಬೆಂಕಿ, ನೀರು, ಹುಲ್ಲು ಮೂರೇ ಬಗೆ, 500 ಸಿಪಿ ಮಿತಿ. ಅದೂ ಇನ್ನೂ ಮಾರ್ಪಾಡಾಗದ ಮರಿಗಳು ಮಾತ್ರ. ಲವ್ ಕಪ್‌ನಲ್ಲಿ ಮೈಬಣ್ಣ ಕೆಂಪೋ ಗುಲಾಬಿಯೋ ಇರಬೇಕು. ಕ್ಯಾಚ್ ಕಪ್‌ನಲ್ಲಿ ಗೊತ್ತುಪಡಿಸಿದ ದಿನದ ನಂತರ ಹಿಡಿದವು ಮಾತ್ರ ನಡೆಯುತ್ತವೆ, ಹಳೇ ಸಂಗ್ರಹ ಕಪಾಟಿನಲ್ಲೇ ಇರಬೇಕು.

ಇಂಥಲ್ಲಿ ತಂತ್ರ ಹುಡುಕುವುದು ಹೇಗೆ? ಮೊದಲು ‘ಎದುರಾಳಿ ಏನು ತರಬಹುದು’ ಎಂದು ಎಣಿಸಬೇಕು. ಎಲಿಮೆಂಟ್ ಕಪ್‌ನಲ್ಲಿ ಬರುವುದು ಮೂರೇ ಬಗೆ. ಬೆಂಕಿ ತಂದರೆ ನೀರಿನ ಭಯ, ನೀರು ತಂದರೆ ಹುಲ್ಲಿನ ಭಯ, ಹುಲ್ಲು ತಂದರೆ ಬೆಂಕಿಯ ಭಯ. ಈ ಚಕ್ರದಿಂದ ಹೊರಗೆ ಕಾಲಿಟ್ಟವನೇ ಜಾಣ. ಡಕ್ಲೆಟ್ ಎಂಬ ನೀಲಿ ಬಾತುಕೋಳಿ ಮರಿ ಅಂಥದ್ದು. ಅದು ನೀರು ಮತ್ತು ಹಾರುವ ಬಗೆ ಎರಡೂ ಹೌದು. ನೀರಿನದಾದರೂ ಹಾರುವ ಗುಣ ಇರುವುದರಿಂದ ಹುಲ್ಲಿನ ಪೆಟ್ಟು ಅದಕ್ಕೆ ಮಾಮೂಲಿ ಪೆಟ್ಟೇ. ಮೇಲಿಂದ ರೆಕ್ಕೆಯ ಹೊಡೆತದಲ್ಲಿ ಹುಲ್ಲನ್ನೇ ಉರುಳಿಸುತ್ತದೆ. ದೊಡ್ಡ ಲೀಗ್‌ನಲ್ಲಿ ಯಾರೂ ಕೇಳದ ಮರಿ, ಈ ಕಪ್‌ನಲ್ಲಿ ಎಲ್ಲರೂ ಹುಡುಕುವ ಆಟಗಾರ.

ತಂಡ ಕಟ್ಟುವಾಗ ಇನ್ನೊಂದು ಎಚ್ಚರ ಬೇಕು. ಮೂರೂ ಒಂದೇ ಬಗೆಯಾದರೆ ಎದುರಾಳಿಯ ಒಂದೇ ಪೋಕೆಮಾನ್ ಮೂರನ್ನೂ ಮುಗಿಸಬಹುದು. ಮೊದಲನೆಯದು ಸೋಲುವಂತಿದ್ದರೆ ಬದಲಿಸಬಹುದು, ಆದರೆ ಒಮ್ಮೆ ಬದಲಿಸಿದರೆ ಸ್ವಲ್ಪ ಹೊತ್ತು ಮತ್ತೆ ಬದಲಿಸಲು ಬಿಡುವುದಿಲ್ಲ. ಹಾಗಾಗಿ ಎರಡನೆಯದು ಯಾರ ಎದುರೂ ಸ್ವಲ್ಪ ಹೊತ್ತು ತಡೆದು ನಿಲ್ಲುವಂಥದ್ದಿರಬೇಕು.

ಎಲ್ಲವೂ ತಿರುಗುಮುರುಗು

ಇನ್ನೂ ವಿಚಿತ್ರವಾದ ನಿಯಮಗಳು ಪೋಕೆಮಾನ್‌ನ ಮೂಲ ಆಟಗಳಲ್ಲಿವೆ. ಇವು ಮೊಬೈಲ್‌ನ ‘ಗೋ’ ಅಲ್ಲ, ನಿಂಟೆಂಡೋ ಕಂಪನಿಯ ಯಂತ್ರದಲ್ಲಿ ಆಡುವಂಥವು. 2013ರಲ್ಲಿ ಬಂದ ‘ಎಕ್ಸ್’ ಮತ್ತು ‘ವೈ’ ಆಟಗಳಲ್ಲಿ ‘ಇನ್ವರ್ಸ್’ ಪಂದ್ಯ ಇದೆ. ಅದರಲ್ಲಿ ಬಗೆಗಳ ಲೆಕ್ಕ ತಲೆಕೆಳಗು. ನೀರಿಗೆ ಬೆಂಕಿ ಹೆದರುವುದಿಲ್ಲ, ಬೆಂಕಿಗೇ ನೀರು ಹೆದರುತ್ತದೆ.

ಇದರಿಂದ ಲಾಭ ಯಾರಿಗೆ? ಮಾಮೂಲಿ ಲೆಕ್ಕದಲ್ಲಿ ಕೈಲಾಗದವರಿಗೆ. ಮಂಜಿನ ಬಗೆ ಬೆಂಕಿ, ಮಲ್ಲಯುದ್ಧ, ಕಲ್ಲು, ಉಕ್ಕು ಈ ನಾಲ್ಕಕ್ಕೂ ಸೋಲುವಂಥದ್ದು, ತಡೆದುಕೊಳ್ಳುವುದು ಮಂಜನ್ನು ಮಾತ್ರ. ಇನ್ವರ್ಸ್‌ನಲ್ಲಿ ಅದೇ ನಾಲ್ಕನ್ನೂ ತಡೆದುಕೊಳ್ಳುತ್ತದೆ, ಹೆದರುವುದು ಮಂಜಿಗೆ ಮಾತ್ರ. ‘ನಾರ್ಮಲ್’ ಬಗೆಯ ಹೊಡೆತ ಎಂದಿನ ಲೆಕ್ಕದಲ್ಲಿ ಯಾರಿಗೂ ವಿಶೇಷವಾಗಿ ತಾಗುವುದಿಲ್ಲ, ಭೂತಕ್ಕಂತೂ ತಾಗುವುದೇ ಇಲ್ಲ. ಇನ್ವರ್ಸ್‌ನಲ್ಲಿ ಅದೇ ಹೊಡೆತ ಕಲ್ಲು, ಉಕ್ಕು, ಭೂತ ಮೂರಕ್ಕೂ ಜೋರಾಗಿ ಬೀಳುತ್ತದೆ, ತಡೆಯುವವರು ಒಬ್ಬರೂ ಇಲ್ಲ.

ಅದೇ ಜಾತಿಯ ಇನ್ನೊಂದು ತಂತ್ರ ‘ಟ್ರಿಕ್ ರೂಮ್’. ಸಾಮಾನ್ಯವಾಗಿ ವೇಗ ಹೆಚ್ಚಿದ್ದವನದ್ದೇ ಮೊದಲ ಹೊಡೆತ. ಟ್ರಿಕ್ ರೂಮ್ ಹಾಕಿದರೆ ಐದು ಸರದಿಯವರೆಗೆ ನಿಧಾನಿಯದ್ದೇ ಮೊದಲ ಹೊಡೆತ. ಹಾಕಿದ ಸರದಿಯೂ ಆ ಐದರಲ್ಲಿ ಸೇರಿತು, ಹಾಗಾಗಿ ಕೈಗೆ ಸಿಗುವುದು ನಾಲ್ಕೇ. ಬಲ್ಲವರು ತಂಡದಲ್ಲಿ ಮೊದಲೇ ಭಾರಿ ನಿಧಾನಿಗಳನ್ನು ತುಂಬಿಸಿಟ್ಟು ಆ ನಾಲ್ಕು ಸರದಿಯಲ್ಲಿ ಕೆಲಸ ಮುಗಿಸುತ್ತಾರೆ. ಎದುರಾಳಿಯಾದರೆ ಗುರಿ ಬೇರೆ: ಗೆಲ್ಲುವುದಕ್ಕಿಂತ ಮೊದಲು ಆ ಹೊತ್ತು ಕಳೆಯುವುದು.

ಅಂಗಡಿಯ ಕಾರ್ಡಿಗೂ ಅದೇ ಮಾತು

ಅಂಗಡಿಗಳಲ್ಲಿ ಪೋಕೆಮಾನ್ ಕಾರ್ಡಿನ ಪೊಟ್ಟಣ ತೂಗುಹಾಕಿರುವುದುಂಟು. ಅಗ್ಗಕ್ಕೆ ಸಿಗುವ ಹೊಳೆಯುವ ಚಿನ್ನದ ಬಣ್ಣದ ಕಾರ್ಡುಗಳಲ್ಲಿ ನಕಲಿಯೇ ಹೆಚ್ಚು. ಮಕ್ಕಳು ಅಂಕಿ ದೊಡ್ಡದಿದ್ದವನೇ ಗೆದ್ದ ಎಂದು ಆಡಿಕೊಂಡರೆ ತೊಂದರೆ ಏನೂ ಇಲ್ಲ. ಆದರೆ ನಿಜವಾದ ಕಾರ್ಡ್ ಆಟ ಬೇರೆಯೇ ಇದೆ. 60 ಕಾರ್ಡಿನ ಕಟ್ಟು ಬೇಕು, ಎದುರಾಳಿಯನ್ನು ಸೋಲಿಸಿದಂತೆ ಆರು ಬಹುಮಾನ ಕಾರ್ಡು ಎತ್ತಿಕೊಳ್ಳಬೇಕು.

ಅದರಲ್ಲೂ ‘ಜಿಮ್ ಲೀಡರ್ ಚಾಲೆಂಜ್’ ಎಂಬ ವಿಶೇಷ ನಿಯಮ ಅಭಿಮಾನಿಗಳಲ್ಲಿ ಜನಪ್ರಿಯ. ಇಡೀ ಕಟ್ಟು ಒಂದೇ ಬಗೆಯ ಪೋಕೆಮಾನ್‌ನದ್ದಾಗಿರಬೇಕು. ಮೂಲ ಶಕ್ತಿ ಕಾರ್ಡು ಬಿಟ್ಟು ಬೇರೆ ಯಾವ ಕಾರ್ಡೂ ಎರಡು ಸಲ ಇರಬಾರದು. ‘ಇಎಕ್ಸ್’, ‘ವಿ’ ಮುಂತಾದ ಬಲಾಢ್ಯ ಕಾರ್ಡುಗಳಿಗೆ ಪ್ರವೇಶ ಇಲ್ಲ. ಅಂದರೆ ಮಕ್ಕಳು ಹಟ ಹಿಡಿದು ಹೆಚ್ಚು ದುಡ್ಡು ಕೊಟ್ಟು ತರಿಸಿಕೊಳ್ಳುವ ಕಾರ್ಡುಗಳೇ ಇಲ್ಲಿ ಕೆಲಸಕ್ಕೆ ಬಾರದವು. ಗಿರಾಕಿ ಕೇಳಿದರೆ ಹೇಳಲು ಅಂಗಡಿಯವರಿಗೂ ಇಷ್ಟು ಗೊತ್ತಿದ್ದರೆ ಒಳ್ಳೆಯದು.

ಹಳ್ಳಿ ಹುಡುಗರಿಗೆ ಯಾವ ಪಂದ್ಯ?

ಮಾಸ್ಟರ್ ಲೀಗ್‌ನಲ್ಲಿ ಗೆಲ್ಲಲು ಅಪರೂಪದ ‘ಲೆಜೆಂಡರಿ’ ಪೋಕೆಮಾನ್ ಬೇಕು. ಅವು ಹೆಚ್ಚಾಗಿ ಸಿಗುವುದು ‘ರೈಡ್’ನಲ್ಲಿ, ಅಂದರೆ ಹಲವರು ಸೇರಿ ಒಂದನ್ನು ಸೋಲಿಸುವ ಪಂದ್ಯದಲ್ಲಿ. ಬೆಂಗಳೂರಿನಂಥ ಊರಲ್ಲಿ ಹೆಜ್ಜೆಹೆಜ್ಜೆಗೂ ಆಟದ ಠಾಣೆ, ಜೊತೆಗಾರರು ಸಿಗುತ್ತಾರೆ. ಹಳ್ಳಿ ಕಡೆ ಎರಡೂ ಕಮ್ಮಿ. ದೂರದಿಂದಲೇ ಸೇರುವ ಪಾಸ್ ಇದೆ, ಆದರೆ 2023ರ ಏಪ್ರಿಲ್‌ನಲ್ಲಿ ಒಂದು ಪಾಸಿನ ದರ 100 ನಾಣ್ಯದಿಂದ 195ಕ್ಕೆ ಏರಿತು. ಅಲ್ಲಿಂದಲೇ ಅಪ್ಪಯ್ಯನ ಜೇಬಿಗೆ ಕೈ ಹೋಗುವುದು.

ಆದರೆ ಗ್ರೇಟ್ ಲೀಗ್, ಲಿಟಲ್ ಕಪ್, ಎಲಿಮೆಂಟ್ ಕಪ್‌ಗೆ ಬೇಕಾದವುಗಳಲ್ಲಿ ಹೆಚ್ಚಿನವು ನಡೆದಾಡುವಾಗಲೇ ಸಿಗುವಂಥವು. ಪಂದ್ಯವನ್ನು ಮನೆಯಲ್ಲೇ ಕೂತು ಆಡಬಹುದು. ನೆಟ್‌ವರ್ಕ್ ಮಾತ್ರ ಗಟ್ಟಿ ಇರಬೇಕು, ನಡುವೆ ಕೈಕೊಟ್ಟರೆ ಗೆಲ್ಲುವ ಆಟವೂ ಸೋಲು. ಪೇಟೆ ಹುಡುಗನ ಸಂಗ್ರಹ ಎಷ್ಟೇ ದೊಡ್ಡದಿರಲಿ, 500ರ ಮಿತಿಯೊಳಗೆ ಅವನೂ ವಂಡ್ಸೆ ಹುಡುಗನೂ ಬಹುಮಟ್ಟಿಗೆ ಸಮ. ಅಲ್ಲಿ ಗೆಲ್ಲಿಸುವುದು ಲೆಕ್ಕ, ತಾಳ್ಮೆ, ನೆನಪು.

ಮನೆಯವರು ನೆನಪಿಡಬೇಕಾದ್ದು

- ದುಡ್ಡು ಕೇಳಿದಾಗ ‘ಯಾವ ಲೀಗ್‌ಗೆ? ಮಿತಿ ಎಷ್ಟು?’ ಎಂದು ಕೇಳಿ. ಉತ್ತರ ಬಾರದಿದ್ದರೆ ದುಡ್ಡೂ ಬೇಡ.
- ಬೆಳೆಸುವ, ಮಾರ್ಪಡಿಸುವ, ಕಳಿಸಿಬಿಡುವ ಮೊದಲು ಮುಂದಿನ ಕಪ್‌ನ ನಿಯಮ ಓದಲಿ. ಈ ಮೂರನ್ನೂ ಹಿಂದೆ ತೆಗೆದುಕೊಳ್ಳಲಾಗದು.
- ‘ಬಲಿಷ್ಠ ಪೋಕೆಮಾನ್ ಇರುವ ಅಕೌಂಟ್ ಮಾರಾಟಕ್ಕಿದೆ’ ಎಂದು ಅಪರಿಚಿತರು ಯುಪಿಐ ಕೇಳಿದರೆ ಕಳಿಸಬೇಡಿ. ಅಕೌಂಟ್ ಮಾರುವುದು, ಕೊಳ್ಳುವುದು ಆಟದ ನಿಯಮಕ್ಕೇ ವಿರುದ್ಧ. ಮೋಸ ಹೋದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.
- ಗೆದ್ದವನಿಗೆ ದುಡ್ಡು ಎಂದು ಪಣ ಕಟ್ಟಿಸುವ ಗುಂಪಿನಿಂದ ಮಕ್ಕಳನ್ನು ದೂರ ಇಡಿ. ಹಣ ಪಣಕ್ಕಿಟ್ಟು ಆಡಿಸುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ.
- ಹಿಡಿಯಲು ನಡೆಯುವಾಗ ಕಣ್ಣು ರಸ್ತೆ ಮೇಲಿರಲಿ. ಕೊಲ್ಲೂರು ರಸ್ತೆಯಲ್ಲಿ ಓಡುವ ವಾಹನಕ್ಕೆ ಗುರಾಣಿ ತಡೆ ಇಲ್ಲ.

ಇಪ್ಪತ್ತೆಂಟಿನಲ್ಲಿ ರಾಜನನ್ನು ಅಪ್ಪಿಕೊಂಡು ಕೂತವನಿಗೆ ಒಂದಂಕವೂ ಸಿಗುವುದಿಲ್ಲ. ಮಕ್ಕಳ ಈ ಆಟದಲ್ಲೂ ಹಾಗೇ. ಎಲೆ ಇಳಿಸುವ ಮೊದಲು ಇವತ್ತಿನ ಆಟ ಯಾವುದು ಎಂದು ಕೇಳಿಕೊಂಡವನಿಗೆ ಖರ್ಚೂ ಕಮ್ಮಿ, ಸೋಲೂ ಕಮ್ಮಿ.